ಚೈನಾ ಗ್ರಾಸ್ ಜೆಲ್ಲಿಯ ಪದರ ಜಾರುವುದೇಕೆ?

ಪ್ರಶ್ನೆ: ಮೇ ತಿಂಗಳ ಮೂರನೇ ವಾರ ನಮ್ಮ ಮಾವನವರ ಅರವತ್ತರ ಶಾಂತಿ ಇಟ್ಟುಕೊಂಡಿದ್ದೇವೆ. ದಾವಣಗೆರೆಯಲ್ಲಿ, ಮನೆ ಮುಂದೆಯೇ ಶಾಮಿಯಾನ ಹಾಕಿ ಸುಮಾರು 80 ಜನಕ್ಕೆ ಊಟ. ಹೋಳಿಗೆ, ಪಾಯಸವೆಲ್ಲ ಅಡುಗೆಯವರದ್ದು. ಕೊನೆಯಲ್ಲಿ ಬಡಿಸಲು ಏಳು ಬಣ್ಣದ ಪದರ ಜೆಲ್ಲಿ ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ. ಎರಡು ಸಲ ಮಾಡಿ ನೋಡಿದೆ, ಎರಡೂ ಕೆಟ್ಟವು. ಮೊದಲ ಸಲ ಚೈನಾ ಗ್ರಾಸ್‌ನಲ್ಲಿ. ವಿಡಿಯೊದಲ್ಲಿ ಹೇಳಿದ ಹಾಗೆ ಪ್ರತಿ ಪದರವನ್ನೂ ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಮೇಲಿನದನ್ನು ಚೆನ್ನಾಗಿ ಆರಿಸಿ ಸುರಿದೆ. ಕತ್ತರಿಸಿದ ಕೂಡಲೇ ಇಸ್ಪೀಟ್ ಎಲೆಗಳ ಹಾಗೆ ಪದರಗಳು ಜಾರಿ ಬೇರೆಯಾದವು. ಎರಡನೇ ಸಲ ನಾದಿನಿ ದುಬೈನಿಂದ ತಂದ ಜೆಲ್ಲಿ ಪುಡಿಗೆ ಅನಾನಸ್ ರುಬ್ಬಿ ಹಾಕಿದೆ. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದರೂ ಶರಬತ್ತಾಗಿಯೇ ಉಳಿಯಿತು. ಅತ್ತೆ ಆ ಪೊಟ್ಟಣ ನೋಡಿ, "ಇದರಲ್ಲಿ ಎಲುಬಿನ ಪುಡಿ ಇರುತ್ತದಂತಲ್ಲ" ಅಂದರು. ಚೈನಾ ಗ್ರಾಸ್ ಕೂಡ ಹಾಗೇನಾ? ಅದನ್ನೇ ಜಾಸ್ತಿ ಹಾಕಿದರೆ ಪದರ ಅಂಟಿಕೊಳ್ಳುತ್ತದೆಯೇ? ಯಾವ ಬಣ್ಣ ಹಾಕಲಿ? ಹಿಂದಿನ ದಿನವೇ ಮಾಡಿಡಬಹುದೇ?

ಉತ್ತರ: ನಿಮ್ಮ ಎರಡು ಸೋಲಿಗೂ ಒಂದಕ್ಕೊಂದು ಸಂಬಂಧವಿಲ್ಲ. ಎರಡಕ್ಕೂ ನಿಮ್ಮ ಕೈ ಕಾರಣವಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ನೋಡಿದ ವಿಡಿಯೊ ಬಹುಶಃ ಜೆಲಟಿನ್ (ನಾದಿನಿ ತಂದಂಥ ಜೆಲ್ಲಿ ಪುಡಿಗಳಲ್ಲಿರುವ ವಸ್ತು) ಬಳಸುವವರದ್ದು. "ಒಂದು ಗಂಟೆ ಫ್ರಿಜ್‌ನಲ್ಲಿಡಿ, ಮೇಲಿನದನ್ನು ಪೂರ್ತಿ ಆರಿಸಿ ಸುರಿಯಿರಿ" ಎಂಬುದು ಜೆಲಟಿನ್‌ಗೆ ಸರಿಯಾದ ಮಾತು, ಚೈನಾ ಗ್ರಾಸ್‌ಗೆ ತದ್ವಿರುದ್ಧ. ನೋಡಲು ಎರಡೂ ಜೆಲ್ಲಿಯೇ, ಸ್ವಭಾವ ಮಾತ್ರ ಉತ್ತರ ದಕ್ಷಿಣ. ಇಪ್ಪತ್ತು ವರ್ಷದಿಂದ ಮದುವೆ, ಮುಂಜಿಗಳಿಗೆ ಸಿಹಿ ಮಾಡಿಕೊಡುತ್ತಿದ್ದೇನೆ. ನನ್ನ ಬಳಿ ಬರುವ ಜೆಲ್ಲಿ ದೂರುಗಳಲ್ಲಿ ಹೆಚ್ಚಿನವು ಒಂದರ ವಿಧಾನವನ್ನು ಇನ್ನೊಂದಕ್ಕೆ ಹಾಕಿದ್ದರಿಂದ ಆದವೇ.

ಮೊದಲು ನಿಮ್ಮ ಅತ್ತೆಯವರ ಅನುಮಾನ. ಆ ಪೊಟ್ಟಣದ ವಿಷಯದಲ್ಲಿ ಅವರ ಮಾತು ಸರಿಯಿರುವ ಸಾಧ್ಯತೆಯೇ ಹೆಚ್ಚು. ಜೆಲಟಿನ್ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆಯುವ ಪ್ರೋಟೀನು. ನಮ್ಮ ದೇಶದಲ್ಲಿ ಮಾರುವ ಪೊಟ್ಟಣವಾಗಿದ್ದರೆ ಚೌಕದೊಳಗೆ ಹಸಿರು ಚುಕ್ಕೆ ಇದೆಯೋ ಕಂದು ತ್ರಿಕೋನ ಇದೆಯೋ ನೋಡಿದರೆ ಮುಗಿಯಿತು. (ಹಳೆಯ ಪೊಟ್ಟಣಗಳಲ್ಲಿ ತ್ರಿಕೋನದ ಬದಲು ಕಂದು ಚುಕ್ಕೆಯೇ ಇರುತ್ತಿತ್ತು.) ಹೊರದೇಶದಿಂದ ತಂದದ್ದರಲ್ಲಿ ಈ ಗುರುತು ಇರಬೇಕೆಂದಿಲ್ಲ, ಒಳಗಿನ ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಅಲ್ಲಿ ಜೆಲಟಿನ್ ಎಂದಿದ್ದರೆ ಅದು ಸಸ್ಯಾಹಾರವಲ್ಲ. ಹಲಾಲ್ ಎಂದು ಬರೆದಿದ್ದರೂ ಸಸ್ಯಾಹಾರ ಎಂದರ್ಥವಲ್ಲ. ಅಗರ್ (ಚೈನಾ ಗ್ರಾಸ್ ಅಂದರೆ ಇದೇ) ಅಥವಾ 406 ಎಂಬ ಸಂಖ್ಯೆ, ಕ್ಯಾರಜೀನನ್ ಅಥವಾ 407 ಎಂದಿದ್ದರೆ ಎರಡೂ ಸಮುದ್ರದ ಪಾಚಿಯಿಂದ ಬಂದವು, ಚಿಂತೆಯಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಹಸಿರು ಚುಕ್ಕೆಯ ಜೆಲ್ಲಿ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಕ್ಯಾರಜೀನನ್ನೇ.

ಇನ್ನು ಚೈನಾ ಗ್ರಾಸ್. ಹೆಸರಲ್ಲಿ ಹುಲ್ಲಿದೆ, ಪದಾರ್ಥದಲ್ಲಿ ಇಲ್ಲ. ಇದು ಕೆಂಪು ಕಡಲ ಪಾಚಿಯನ್ನು ಕುದಿಸಿ ತೆಗೆದ ಅಗರ್. ಬೇಕಾದ ಪಾಚಿ ಚೀನಾದಿಂದಲೇ ಬರಬೇಕೆಂದೂ ಇಲ್ಲ. ರಾಮೇಶ್ವರಂ, ಮಂಡಪಂ ಕಡೆಯ ಮೀನುಗಾರರ ಹಳ್ಳಿಯ ಹೆಂಗಸರು ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಪಾಚಿ ಕೀಳುತ್ತಾರೆ, ಮದುರೆಯ ಸುತ್ತಮುತ್ತ ಅದರಿಂದ ಅಗರ್ ಮಾಡುವ ಕಾರ್ಖಾನೆಗಳಿವೆ. ಪಾಚಿಯ ರಸವನ್ನು ಜೆಲ್ಲಿ ಕಟ್ಟಿಸಿ, ಹೆಪ್ಪುಗಟ್ಟಿಸಿ, ಕರಗಿಸಿದರೆ ಒಳಗಿನ ನೀರು ಸೋರಿಹೋಗಿ ಒಣ ಎಳೆ ಉಳಿಯುತ್ತದೆ. ಜಪಾನಿನಲ್ಲಿ 17ನೇ ಶತಮಾನದಿಂದ ಚಳಿಗಾಲದ ಬಯಲಲ್ಲಿ ಹೀಗೇ ಮಾಡಿಕೊಂಡು ಬಂದರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಫ್ರೀಜರ್ ವಿಷಯ ಬಂದಾಗ ಬೇಕಾಗುತ್ತದೆ. ಅತ್ತೆಯವರಿಗೆ ಮಾತ್ರ ಧೈರ್ಯವಾಗಿ ಹೇಳಿ: ಚೈನಾ ಗ್ರಾಸ್‌ನಲ್ಲಿ ಎಲುಬೂ ಇಲ್ಲ, ಚರ್ಮವೂ ಇಲ್ಲ.

ಅನಾನಸ್ ಶರಬತ್ತಾಗಿ ಉಳಿದ ಕಥೆ ಚಿಕ್ಕದು. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ, ಪ್ರೋಟೀನನ್ನು ತುಂಡರಿಸುವುದೇ ಅದರ ಕೆಲಸ. ಅನಾನಸ್ ಹೆಚ್ಚು ತಿಂದ ದಿನ ನಾಲಿಗೆ ಉರಿಯುವುದರಲ್ಲೂ ಅದರ ಕೈವಾಡವಿದೆ. ಜೆಲಟಿನ್ ಪ್ರೋಟೀನೇ ಆದ್ದರಿಂದ ಅದರ ಎಳೆಗಳು ತುಂಡಾಗಿ ನೀರನ್ನು ಹಿಡಿದಿಡಲಾರದೆ ಹೋದವು. ಎರಡು ರಾತ್ರಿ ಫ್ರಿಜ್‌ನಲ್ಲಿಟ್ಟಿದ್ದರೂ ಗಟ್ಟಿಯಾಗುತ್ತಿರಲಿಲ್ಲ. ಪಪ್ಪಾಯಿ, ಕಿವಿ, ಅಂಜೂರ, ಹಸಿ ಶುಂಠಿಯದ್ದೂ ಇದೇ ಗುಣ. ಡಬ್ಬಿಯಲ್ಲಿ ಬರುವ ಅನಾನಸ್ ಆಗಲೇ ಬೆಂದಿರುವುದರಿಂದ ತೊಂದರೆ ಕೊಡುವುದಿಲ್ಲ. ಅಗರ್ ಪ್ರೋಟೀನಲ್ಲ, ಪಿಷ್ಟದ ದೂರದ ನೆಂಟನಂಥ ವಸ್ತು. ಬ್ರೊಮೆಲಿನ್‌ಗೆ ಅದರ ಮೇಲೆ ಹಲ್ಲೂರಲು ಆಗುವುದಿಲ್ಲ. ಆದರೂ ಅನಾನಸ್ ರಸವನ್ನು ಐದು ನಿಮಿಷ ಕುದಿಸಿಯೇ ಬಳಸಿ. ಹಸಿ ರಸ ಹಾಲಿಗೆ ಬೆರೆತರೆ ಹಾಲು ಕಹಿಯಾಗುತ್ತದೆ, ನಿಮ್ಮ ಜೆಲ್ಲಿಯಲ್ಲಿ ಹಾಲಿನ ಪದರವೂ ಇರುತ್ತದಲ್ಲ.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ನಿಮ್ಮ ಅಡುಗೆಮನೆಯ ಈ ತಲೆನೋವು 1881ರಲ್ಲಿ ಜರ್ಮನಿಯ ವಿಜ್ಞಾನಿಗಳಿಗೂ ಇತ್ತು. ಬ್ಯಾಕ್ಟೀರಿಯಾ ಬೆಳೆಸಲು ಅವರು ಜೆಲಟಿನ್ ಬಳಸುತ್ತಿದ್ದರು. ಬೇಸಿಗೆ ಬಂದರೆ ಅದು ಕರಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಇದೇ ತೊಂದರೆಯಲ್ಲಿ ಸಿಲುಕಿದ್ದಾಗ ಅವರ ಹೆಂಡತಿ ಫ್ಯಾನಿ ಹೆಸ್ಸೆ, ತಾನು ಮನೆಯಲ್ಲಿ ಜೆಲ್ಲಿ ಮಾಡಲು ಬಳಸುವ ಅಗರ್ ಹಾಕಿ ನೋಡಿ ಎಂದರು. ಜಾವಾದಲ್ಲಿ ಇದ್ದು ಬಂದವರೊಬ್ಬರಿಂದ ಅವರು ಅದನ್ನು ಕಲಿತಿದ್ದರು. ಮರುವರ್ಷ, ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬರ್ಟ್ ಕಾಖ್ ಅವರ ಪ್ರಬಂಧದಲ್ಲಿ ಅಗರ್ ಹೆಸರು ಬಂತು. ಇಂದಿಗೂ ರಕ್ತಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಅದೇ ಇದೆ. ಬೇಸಿಗೆಯ ಬಿಸಿಗೆ ಜಗ್ಗದ ಜೆಲ್ಲಿ ಬೇಕಾದಾಗ ಪ್ರಯೋಗಾಲಯಕ್ಕೂ ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲೇ.

ಈಗ ಪದರ ಜಾರುವ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಜೆಲಟಿನ್ ದೇಹದ ಬಿಸಿಗೆಲ್ಲ ಕರಗುತ್ತದೆ. ತಣ್ಣಗಿನ ಪದರದ ಮೇಲೆ ಉಗುರುಬೆಚ್ಚಗಿನದನ್ನು ಸುರಿದರೂ ಕೆಳಗಿನದು ಕೂದಲೆಳೆಯಷ್ಟು ಕರಗಿ ಮೇಲಿನದರ ಜೊತೆ ಬೆರೆತು ಅಂಟಿಕೊಳ್ಳುತ್ತದೆ. ಅಗರ್ ಹಾಗಲ್ಲ. ಅದು ಕಟ್ಟುವುದು ಸುಮಾರು 32ರಿಂದ 40 ಡಿಗ್ರಿಯಲ್ಲಿ, ಒಮ್ಮೆ ಕಟ್ಟಿದ ಮೇಲೆ ಮತ್ತೆ ಕರಗಬೇಕಾದರೆ 85 ಡಿಗ್ರಿಯ ಹತ್ತಿರ ಕಾಯಬೇಕು. ಹಾಗಾಗಿ ಪೂರ್ತಿ ಕಟ್ಟಿ ತಣ್ಣಗಾದ ಪದರದ ಮೇಲೆ ಆರಿದ ದ್ರಾವಣ ಸುರಿದರೆ ಎರಡೂ ಒಂದನ್ನೊಂದು ಮುಟ್ಟಿಕೊಂಡು ಕೂರುತ್ತವೆಯೇ ಹೊರತು ಬೆರೆಯುವುದಿಲ್ಲ. ಅದರ ಜೊತೆಗೆ ಫ್ರಿಜ್‌ನಲ್ಲಿಟ್ಟ ಜೆಲ್ಲಿಯ ಮೇಲೆ ಬೆವರಿನಂಥ ನೀರು ನಿಲ್ಲುತ್ತದೆ. ಆ ನೀರಿನ ತೆಳು ಪೊರೆ ಎರಡು ಪದರದ ನಡುವೆ ಸಿಕ್ಕಿಕೊಂಡರೆ ಎಣ್ಣೆ ಹಚ್ಚಿದ ಹಾಗೆಯೇ. ನಿಮ್ಮ ಇಸ್ಪೀಟ್ ಎಲೆಗಳು ಜಾರಿದ್ದು ಹೀಗೆ.

ಮಾಡಬೇಕಾದ್ದು ಏನೆಂದರೆ, ಕೆಳಗಿನ ಪದರ ಪೂರ್ತಿ ಗಟ್ಟಿಯಾಗುವ ಮುಂಚೆ, ಅದರ ಮೇಲೆ ಕೆನೆ ಕಟ್ಟಿದ ಹೊತ್ತಿಗೆ ಮುಂದಿನದನ್ನು ಬಿಸಿಯಾಗಿಯೇ ಸುರಿಯಬೇಕು. ಆ ಹೊತ್ತು ತಿಳಿಯುವುದು ಹೇಗೆ? ತಟ್ಟೆಯ ಅಂಚನ್ನು ಹಿಡಿದು ಮೆಲ್ಲಗೆ ಅಲುಗಿಸಿ. ಮೇಲ್ಮೈಯಲ್ಲಿ ಅಲೆ ಏಳಬಾರದು, ನಡುಭಾಗ ಮಾತ್ರ ಇಡಿಯಾಗಿ ನಡುಗಬೇಕು. ಆಮೇಲೆ ತೋರುಬೆರಳ ತುದಿಯನ್ನು ಮೂಲೆಯಲ್ಲಿ ಹಗುರಾಗಿ ಮುಟ್ಟಿಸಿ. ಬೆರಳು ಒದ್ದೆಯಾದರೆ ಇನ್ನೂ ಕಾಯಬೇಕು. ಬೆರಳಿಗೆ ಅಂಟಿಅಂಟಿ ಅನ್ನಿಸಿ, ಎತ್ತಿದಾಗ ಬೆರಳಚ್ಚು ಉಳಿದರೆ ಅದೇ ಹದ. ಗುರುತೇ ಬೀಳದೆ ನುಣುಪಾಗಿ ತಣ್ಣಗಿದ್ದರೆ ತಡವಾಗಿದೆ. ಮೈಸೂರು ಪಾಕಿನ ಹದ ಹಿಡಿದವರಿಗೆ ಇದು ಕಷ್ಟವೇನಲ್ಲ, ಅಲ್ಲಿ ಸೆಕೆಂಡುಗಳ ಲೆಕ್ಕ, ಇಲ್ಲಿ ಮೂರ್ನಾಲ್ಕು ನಿಮಿಷದ ಅವಕಾಶವಿರುತ್ತದೆ.

ಮೇಲೆ ಸುರಿಯುವ ದ್ರಾವಣ 60ರಿಂದ 65 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಊದಿಕೊಂಡು ಕುಡಿಯುವ ಫಿಲ್ಟರ್ ಕಾಫಿಯ ಬಿಸಿ ಎಂದುಕೊಳ್ಳಿ. ಕುದಿಯುತ್ತಿರುವುದನ್ನು ಸುರಿದರೆ ಎಳೆಯ ಕೆನೆಗೆ ತೂತು ಬಿದ್ದು ಬಣ್ಣ ಕಲಸಿಹೋಗುತ್ತದೆ. ಸೌಟನ್ನು ಬೋರಲು ಹಿಡಿದು, ಅದರ ಬೆನ್ನಿನ ಮೇಲೆ, ಜೆಲ್ಲಿಗೆ ತಾಗುವಷ್ಟು ಹತ್ತಿರದಿಂದ ಸುರಿಯಿರಿ. ನೊರೆ ಬಂದರೆ ಚಮಚದಿಂದ ಅಂಚಿಗೆ ತಳ್ಳಿ ತೆಗೆಯಿರಿ. ಪದರಗಳ ನಡುವೆ ತಟ್ಟೆಗೆ ಮುಚ್ಚಳ ಹಾಕಬೇಡಿ, ಆವಿ ನೀರಾಗಿ ತೊಟ್ಟಿಕ್ಕುತ್ತದೆ. ಹಾಲುಬಾಯಿ ಮಾಡುವಾಗ ತಟ್ಟೆಗೆ ತುಪ್ಪ ಸವರುವ ಅಭ್ಯಾಸ ಕೈಗೆ ಇರುತ್ತದೆ, ಇಲ್ಲಿ ಅದೂ ಬೇಡ. ತಟ್ಟೆಯನ್ನು ತಣ್ಣೀರಲ್ಲಿ ಅದ್ದಿ ತೆಗೆದರೆ ಸಾಕು.

ದಾವಣಗೆರೆಯ ಮೇ ತಿಂಗಳಲ್ಲಿ ಇನ್ನೊಂದು ತೊಡಕಿದೆ. ಅಗರ್ ಕಟ್ಟುವ ಶಾಖ 35 ಡಿಗ್ರಿ ಆಸುಪಾಸು, ಮಧ್ಯಾಹ್ನ ನಿಮ್ಮ ಅಡುಗೆಮನೆಯ ಶಾಖವೂ ಅಷ್ಟೇ ಇರಬಹುದು! ಹೊರಗಿಟ್ಟರೆ ಕಟ್ಟುವುದೇ ಇಲ್ಲ, ಫ್ರಿಜ್‌ನಲ್ಲಿಟ್ಟು ಮರೆತರೆ ವಿಪರೀತ ಕಟ್ಟುತ್ತದೆ. ನಾನು ಮಾಡುವುದು ಹೀಗೆ: ದೊಡ್ಡ ಪರಾತದಲ್ಲಿ ಎರಡು ಬೆರಳು ನೀರು, ಅದರಲ್ಲಿ ಐಸು, ಅದರ ಮೇಲೆ ಜೆಲ್ಲಿ ತಟ್ಟೆ. ಕಣ್ಣೆದುರೇ ಇರುವುದರಿಂದ ಹದ ತಪ್ಪುವುದಿಲ್ಲ. ಬೆಳಿಗ್ಗೆ ಐದಕ್ಕೆ ಶುರುಮಾಡಿದರೆ ಇನ್ನೂ ಒಳ್ಳೆಯದು.

ಮಿಕ್ಕ ಬಣ್ಣದ ದ್ರಾವಣಗಳು ಅಷ್ಟು ಹೊತ್ತು ಪಾತ್ರೆಯಲ್ಲೇ ಕಟ್ಟಿಬಿಡುತ್ತವಲ್ಲ ಎಂದು ಕೇಳುತ್ತೀರಿ. ಅಗಲದ ಬಾಣಲೆಯಲ್ಲಿ ಬಿಸಿನೀರಿಟ್ಟು, ಅದರೊಳಗೆ ಪಾತ್ರೆಗಳನ್ನು ಕೂರಿಸಿ, ಕೆಳಗೆ ಸಣ್ಣ ಉರಿ. ಅಕಸ್ಮಾತ್ ಕಟ್ಟಿದರೂ ಗಾಬರಿ ಬೇಡ, ಮತ್ತೆ ಕುದಿಸಿದರೆ ಕರಗುತ್ತದೆ. ನಿಂಬೆ, ಅನಾನಸ್, ಪುನರ್ಪುಳಿಯಂಥ ಹುಳಿ ಬೆರೆತದ್ದನ್ನು ಮಾತ್ರ ಮತ್ತೆ ಕುದಿಸಬಾರದು. ಹುಳಿಯಲ್ಲಿ ಕುದಿದರೆ ಅಗರ್‌ನ ಎಳೆ ಸವೆದು ಜೆಲ್ಲಿ ಮೆತ್ತಗಾಗುತ್ತದೆ. ಹುಳಿಯ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಿ, ಹಾಗೇ ಸುರಿದು ಮುಗಿಸಬೇಕು. ಬೆರೆಸುವ ರಸ ಫ್ರಿಜ್‌ನಿಂದ ತೆಗೆದ ತಣ್ಣನೆಯದಾಗಿರಬಾರದು ಅನ್ನುವುದೂ ಮುಖ್ಯ. ತಣ್ಣನೆಯ ಮಾವಿನ ರಸವನ್ನು ಬಿಸಿ ಅಗರ್‌ಗೆ ಸುರಿದರೆ ತಗುಲಿದಲ್ಲೇ ಅಗರ್ ಕಟ್ಟಿ, ಒಡೆದ ಹಾಲಿನಂತೆ ಕಾಳುಕಾಳಾಗಿ ನಿಲ್ಲುತ್ತದೆ. ನಾನು ಕಲಿಯುವ ಕಾಲದಲ್ಲಿ ಒಂದು ಬಕೆಟ್ ಬಾದಾಮಿ ಹಣ್ಣಿನ ರಸ ಹೀಗೆ ಹಾಳುಮಾಡಿ ಮೇಸ್ತ್ರಿಯವರಿಂದ ಬೈಸಿಕೊಂಡಿದ್ದೆ.

ಒಂದು ವೇಳೆ ಹದ ತಪ್ಪಿ ಕೆಳಗಿನ ಪದರ ಪೂರ್ತಿ ಕಟ್ಟಿಬಿಟ್ಟರೆ? ತಟ್ಟೆ ಎಸೆಯಬೇಕಿಲ್ಲ. ಮೇಲಿನ ನೀರನ್ನು ಒಣ ಬಟ್ಟೆಯಿಂದ ಒತ್ತಿ ತೆಗೆದು, ಫೋರ್ಕ್‌ನಿಂದ ಉದ್ದಕ್ಕೂ ಅಡ್ಡಕ್ಕೂ ಹಗುರಾಗಿ ಗೀರಿ, ಮುಂದಿನ ದ್ರಾವಣವನ್ನು 75 ಡಿಗ್ರಿಯಷ್ಟು ಬಿಸಿಯಾಗಿ ಮೊದಲು ನಾಲ್ಕು ಚಮಚ ಮಾತ್ರ ಹರಡಿ, ಆಮೇಲೆ ಉಳಿದದ್ದನ್ನು ಸುರಿಯಿರಿ. ಗೀರಿನೊಳಗೆ ಇಳಿದ ಜೆಲ್ಲಿ ಬೇರಿನ ಹಾಗೆ ಹಿಡಿದುಕೊಳ್ಳುತ್ತದೆ. ಪಾರದರ್ಶಕ ಪದರದಲ್ಲಿ ಗೀರು ಕಾಣಿಸಬಹುದು, ಹಾಲಿನದ್ದಾದರೆ ಯಾರಿಗೂ ಗೊತ್ತಾಗದು.

ಚೈನಾ ಗ್ರಾಸ್ ಜಾಸ್ತಿ ಹಾಕಿದರೆ ಅಂಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಜಾಸ್ತಿಯಾದರೆ ಬೇಗ ಕಟ್ಟುತ್ತದೆ, ಹಾಗಾಗಿ ಹದದ ಅವಕಾಶವೇ ಕಿರಿದಾಗುತ್ತದೆ. ತಿನ್ನುವಾಗ ರಬ್ಬರ್ ಕಚ್ಚಿದ ಹಾಗೆ ಟಕ್ಕನೆ ಮುರಿಯುತ್ತದೆ. ಕತ್ತರಿಸಿ ಬಡಿಸುವ ಪದರ ಜೆಲ್ಲಿಗೆ ನಾನು ಎಳೆಯ ರೂಪದ 10 ಗ್ರಾಂ ಪೊಟ್ಟಣಕ್ಕೆ 800 ಮಿಲಿ ದ್ರಾವಣ ಲೆಕ್ಕ ಹಿಡಿಯುತ್ತೇನೆ. ಬಟ್ಟಲಲ್ಲಿ ಚಮಚದಿಂದ ತಿನ್ನುವುದಾದರೆ 1 ಲೀಟರ್‌ವರೆಗೂ ಹೋಗಬಹುದು. ಪುಡಿ ಅಗರ್ ಎಳೆಗಿಂತ ಗಟ್ಟಿ, ಲೀಟರಿಗೆ 8 ಗ್ರಾಂ ಸಾಕು. ಕಂಪನಿಯಿಂದ ಕಂಪನಿಗೆ ಶಕ್ತಿ ಬೇರೆ ಇರುವುದರಿಂದ ಪರೀಕ್ಷೆ ಮಾಡದೆ ಸುರಿಯಬೇಡಿ. ಒಂದು ಚಮಚ ದ್ರಾವಣವನ್ನು ಫ್ರೀಜರ್‌ನಲ್ಲಿಟ್ಟ ಸ್ಟೀಲ್ ತಟ್ಟೆಗೆ ಹಾಕಿ, ಎರಡು ನಿಮಿಷ ಬಿಟ್ಟು ಬೆರಳಿಂದ ತಳ್ಳಿ ನೋಡಿ. ಸುಕ್ಕಾಗದೆ ಇಡಿಯಾಗಿ ಜರುಗಿದರೆ ಸರಿ. ಹರಡಿದರೆ ಅಗರ್ ಸಾಲದು.

ಎಳೆಯನ್ನು ಕತ್ತರಿಯಿಂದ ತುಂಡುಮಾಡಿ ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಅದೇ ನೀರಲ್ಲಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ. ಚಮಚವನ್ನು ಎತ್ತಿ ಬೆಳಕಿಗೆ ಹಿಡಿದಾಗ ಒಂದೂ ಎಳೆ ಕಾಣಬಾರದು. ಸಕ್ಕರೆ ಹಾಕುವುದು ಅದಾದ ಮೇಲೆ. ಮೊದಲೇ ಹಾಕಿದರೆ ಸಕ್ಕರೆ ನೀರನ್ನು ಎಳೆದುಕೊಂಡು ಅಗರ್ ಕರಗಲು ಸತಾಯಿಸುತ್ತದೆ. ಕುದಿಯುವಾಗ ಆವಿಯಾದ ನೀರನ್ನು ಕೊನೆಯಲ್ಲಿ ಅಳತೆ ನೋಡಿ ತುಂಬಿಸಿ, ಸೋಸಿ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇರುತ್ತದೆ. ನಮ್ಮಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟೇ, ಅವುಗಳಿಗೂ ಕಿಲೋಗೆ 100 ಮಿಲಿಗ್ರಾಂ ಎಂಬ ಮಿತಿಯಿದೆ. ಜೆಲ್ಲಿಗೆ ಅವನ್ನು ಬಳಸುವುದು ಕಾನೂನಿಗೆ ವಿರುದ್ಧವಲ್ಲ. ತೊಂದರೆ ಇರುವುದು ಸಂತೆಯಲ್ಲಿ ಬಿಡಿಯಾಗಿ, ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಕೆಂಪು ಹಳದಿ ಪುಡಿಗಳಲ್ಲಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ರೋಡಮೈನ್-ಬಿ ಹಾಕಿದ ಕಾಟನ್ ಕ್ಯಾಂಡಿಯನ್ನೂ ನಿಷೇಧಿಸಿದ್ದು ನಿಮಗೂ ನೆನಪಿರಬಹುದು. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಅಂಗಡಿಯಲ್ಲಿ ಕೊಳ್ಳುವುದೇ ಆದರೆ ಮುಚ್ಚಿದ ಡಬ್ಬಿ, ಪರವಾನಗಿ ಸಂಖ್ಯೆ ಇರುವುದು ತನ್ನಿ, ಲೀಟರಿಗೆ ಎರಡು ಮೂರು ಹನಿಗಿಂತ ಹೆಚ್ಚು ಬೇಡ. ಗಾಜಿನ ಹಾಗಿರುವ ಜೆಲ್ಲಿಯಲ್ಲಿ ತಿಳಿ ಬಣ್ಣವೇ ಹೊಳೆಯುತ್ತದೆ.

ಮೇ ತಿಂಗಳಲ್ಲಿ ಬಣ್ಣಕ್ಕೆ ಬರವೇ? ಹಳದಿಗೆ ರಸಪುರಿಯೋ ಬಾದಾಮಿಯೋ ಇದೆ. ಕೆಂಪಿಗೆ ಪುನರ್ಪುಳಿ. ಬೀಟ್ರೂಟ್ ಕೂಡ ಆಗುತ್ತದೆ, ಆದರೆ ಕುದಿಸಿದರೆ ಮಾಸುತ್ತದೆ, ರಸವನ್ನು ಕೊನೆಯಲ್ಲಿ ಬೆರೆಸಿ. ಮಣ್ಣಿನ ವಾಸನೆ ಬಾರದಿರಲು ಏಲಕ್ಕಿ. ಬಿಳಿಗೆ ಹಾಲು. ತೆಂಗಿನ ಹಾಲು ರುಚಿ, ಆದರೆ ಸುಮ್ಮನೆ ಬಿಟ್ಟರೆ ಅದರ ಕೊಬ್ಬು ಮೇಲೇರಿ ತಾನೇ ಎರಡು ಪದರವಾಗುತ್ತದೆ, ಮಂದವಾಗುವವರೆಗೂ ಕೈಯಾಡಿಸುತ್ತಿರಬೇಕು. ಪಾಲಕ್ ಹಸಿರು ಬೇಡ, ಹುಳಿ ತಗುಲಿದರೆ ಹಳೇ ಉಪ್ಪಿನಕಾಯಿಯ ಬಣ್ಣಕ್ಕೆ ತಿರುಗುತ್ತದೆ.

ನೀಲಿಗೆ ಶಂಖಪುಷ್ಪ. ಹತ್ತು ಹದಿನೈದು ಹೂವನ್ನು ಬಿಸಿನೀರಲ್ಲಿ ನೆನೆಸಿದರೆ ನೀಲಿ ಇಳಿಯುತ್ತದೆ, ಎರಡು ಹನಿ ನಿಂಬೆ ಹಿಂಡಿದರೆ ನೇರಳೆಯಾಗುತ್ತದೆ. ಒಂದೇ ಹೂವಿನಿಂದ ಎರಡು ಬಣ್ಣ! ಇದರಲ್ಲೊಂದು ಮೋಸವಿದೆ. ಒಮ್ಮೆ ನಾಮಕರಣಕ್ಕೆ ನೀಲಿ ಪದರದ ಪಕ್ಕದಲ್ಲೇ ನಿಂಬೆಯ ತಿಳಿ ಪದರ ಹಾಕಿದ್ದೆ. ರಾತ್ರಿ ಗೆರೆ ಎಳೆದಂತಿತ್ತು. ಬೆಳಿಗ್ಗೆ ನೋಡಿದರೆ ಎರಡೂ ಸೇರುವ ಕಡೆ ಬೆರಳಗಲ ನೇರಳೆ ಪಟ್ಟಿ, ಅದು ಅಂಚಿನಲ್ಲಿ ಗುಲಾಬಿ. ಜೆಲ್ಲಿ ಗಟ್ಟಿಯಾಗಿ ಕಂಡರೂ ಒಳಗೆಲ್ಲ ನೀರೇ. ಹುಳಿಯೂ ಬಣ್ಣವೂ ಆ ನೀರಲ್ಲಿ ಮೆಲ್ಲಗೆ ನಡೆದುಹೋಗುತ್ತವೆ. ಮನೆಯವರು ಅದನ್ನೇ ಚೆಂದ ಅಂದರು, ನಾನೂ ಬೇಕೆಂದೇ ಮಾಡಿದ್ದು ಎಂಬಂತೆ ಸುಮ್ಮನಿದ್ದೆ. ನೀವು ನೀಲಿಯ ಎರಡೂ ಕಡೆ ಹಾಲಿನ ಪದರವಿಡಿ. ಬೀಟ್ರೂಟ್ ಕೆಂಪೂ ಹಾಲಿನೊಳಗೆ ಇಳಿಯುತ್ತದೆ, ಹನ್ನೆರಡು ಗಂಟೆಯೊಳಗೆ ಅಷ್ಟಾಗಿ ಕಾಣುವುದಿಲ್ಲ.

ಹಾಗಾಗಿ "ಹಿಂದಿನ ದಿನ ಮಾಡಬಹುದೇ" ಎಂಬುದಕ್ಕೆ ಉತ್ತರ: ಹಿಂದಿನ ದಿನ ಸಂಜೆ ಮಾಡಿ, ಅದಕ್ಕೂ ಮೊದಲು ಬೇಡ. ಬೇಗ ಆಗಲಿ ಎಂದು ಫ್ರೀಜರ್‌ಗೆ ಇಡಲೇಬೇಡಿ. ಎಳೆ ತಯಾರಿಸುವವರು ನೀರು ತೆಗೆಯಲು ಮಾಡುವ ಉಪಾಯವನ್ನು ನಿಮ್ಮ ಜೆಲ್ಲಿಗೇ ಮಾಡಿದಂತಾಗುತ್ತದೆ, ಕರಗಿದಾಗ ನೀರೆಲ್ಲ ಸೋರಿ ಸ್ಪಂಜು ಉಳಿಯುತ್ತದೆ. ಫ್ರಿಜ್‌ನಲ್ಲಿ, ಪೂರ್ತಿ ಆರಿದ ಮೇಲೆ, ಮುಚ್ಚಿ ಇಡಿ. ಬೆಳಿಗ್ಗೆ ತಟ್ಟೆಯಲ್ಲಿ ಒಂದೆರಡು ಚಮಚ ನೀರು ನಿಂತಿರುತ್ತದೆ, ಅದು ಅಗರ್‌ನ ಸ್ವಭಾವ, ಕೆಟ್ಟಿದೆ ಎಂದಲ್ಲ. ಬಗ್ಗಿಸಿ ಚೆಲ್ಲಿ.

ಜೆಲಟಿನ್‌ಗೆ ಹೋಗುವುದು ಹೇಗೂ ನಿಮ್ಮ ಮನೆಗೆ ಆಗದ ಮಾತು, ಶಾಮಿಯಾನದಡಿ ಅದು ಯಾರಿಗೂ ಆಗದು. ಹಿಂದೊಮ್ಮೆ ಏಪ್ರಿಲ್ ತಿಂಗಳ ಆರತಕ್ಷತೆಯೊಂದಕ್ಕೆ 200 ಬಟ್ಟಲು ಜೆಲಟಿನ್ ಜೆಲ್ಲಿ ಒಯ್ದಿದ್ದೆವು. ಅರ್ಧ ಗಂಟೆಯಲ್ಲಿ ನೀರಾಯಿತು. ಕೊನೆಗೆ ಸ್ಟ್ರಾ ಹಾಕಿ, ಹಣ್ಣಿನ ಪಾನಕ ಎಂದು ಹಂಚಿ ಬಂದೆವು. ಹಸಿರು ಚುಕ್ಕೆಯ ಜೆಲ್ಲಿ ಪುಡಿ ಬಳಸಿದರೆ ಕೆಲಸ ಸುಲಭ, ರುಚಿ ಮತ್ತು ಬಣ್ಣ ಅವರು ಕೊಟ್ಟದ್ದೇ. ಅದು ಅಗರ್‌ಗಿಂತ ಮೆತ್ತಗೆ, ಪದರ ಎತ್ತರವಾದರೆ ಕತ್ತರಿಸುವಾಗ ಕುಸಿಯಬಹುದು, ಹಾಗಾಗಿ ಗಾಜಿನ ಲೋಟದಲ್ಲಿ ಪದರ ಕಟ್ಟಿ ಚಮಚ ಕೊಡುವುದಾದರೆ ಮಾತ್ರ ನನ್ನ ಒಪ್ಪಿಗೆ. ಲೋಟವಾದರೆ ಪದರ ಜಾರುವ ಭಯವೂ ಇಲ್ಲ, ಆದರೆ 80 ಲೋಟ ಇಡಲು ಫ್ರಿಜ್ ಎಲ್ಲಿಂದ ತರುತ್ತೀರಿ?

ನನ್ನ ಮಾತು ಕೇಳುವುದಾದರೆ ಏಳು ಪದರದ ಆಸೆ ಬಿಟ್ಟು ಐದಕ್ಕೆ ನಿಲ್ಲಿಸಿ. ಏಳು ಫೋಟೊಗೆ ಚೆಂದ, ಬಾಯಲ್ಲಿ ಏಳರ ರುಚಿಯೂ ಬೇರೆ ಬೇರೆ ಗೊತ್ತಾಗುವುದಿಲ್ಲ, ಹದ ತಪ್ಪುವ ಅವಕಾಶ ಎರಡು ಹೆಚ್ಚು. ಕೆಳಗಿನಿಂದ ಪುನರ್ಪುಳಿ, ಹಾಲು, ಶಂಖಪುಷ್ಪ, ಹಾಲು, ಮಾವು. 30 ಸೆಂ.ಮೀ. ಉದ್ದ 20 ಸೆಂ.ಮೀ. ಅಗಲದ ತಟ್ಟೆಗೆ ಒಂದು ಪದರಕ್ಕೆ 480 ಮಿಲಿ ಸುರಿದರೆ 8 ಮಿ.ಮೀ. ದಪ್ಪ ಬರುತ್ತದೆ, ಐದು ಪದರಕ್ಕೆ 4 ಸೆಂ.ಮೀ. ಎತ್ತರ, ಒಟ್ಟು 2.4 ಲೀಟರ್. ಅಂದರೆ ತಟ್ಟೆಗೆ ಸರಿಯಾಗಿ ಮೂರು ಪೊಟ್ಟಣ. 5ಕ್ಕೆ 4 ಸೆಂ.ಮೀ.ನಂತೆ ಕತ್ತರಿಸಿದರೆ 30 ತುಂಡು. ಮೂರು ತಟ್ಟೆ, ಒಂಬತ್ತು ಪೊಟ್ಟಣ, 90 ತುಂಡು. ಒಂದು ಪಂಕ್ತಿಗೆ ಒಂದು ತಟ್ಟೆ ಮಾತ್ರ ಹೊರಗೆ ಬರಲಿ. ಅಗರ್ ಬಿಸಿಲಿಗೆ ಕರಗುವುದಿಲ್ಲ ನಿಜ, ಒಳಗಿರುವ ಹಾಲು ಕೆಡುತ್ತದೆ. ಆ ಸೆಖೆಯಲ್ಲಿ ಒಂದು ಗಂಟೆ ಮೀರಿ ಹೊರಗಿದ್ದದ್ದನ್ನು ಬಡಿಸಬೇಡಿ.

ಇನ್ನೊಂದು ಎಚ್ಚರಿಕೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಜೆಲಟಿನ್‌ನಂತೆ ಅಗರ್ ಬಾಯಲ್ಲಿ ಕರಗುವುದಿಲ್ಲ, ಜಾರುವ ಗಟ್ಟಿ ತುಂಡಾಗಿಯೇ ಗಂಟಲಿಗೆ ಹೋಗುತ್ತದೆ. ಒಂದೇ ಗುಟುಕಿಗೆ ಹೀರುವ ಪುಟ್ಟ ಕಪ್ಪಿನ ಜೆಲ್ಲಿ ಮಕ್ಕಳ ಗಂಟಲಲ್ಲಿ ಸಿಕ್ಕಿ ಅನಾಹುತಗಳಾಗಿ, ಕೊಂಜಾಕ್ ಎಂಬ ಗೆಡ್ಡೆಯ ಪುಡಿ ಹಾಕಿದ ಅಂಥ ಜೆಲ್ಲಿಯನ್ನು 2003ರಲ್ಲಿ ಯುರೋಪ್ ಒಕ್ಕೂಟ ನಿಷೇಧಿಸಿತು. ನಿಮ್ಮದು ಅಷ್ಟು ಗಟ್ಟಿಯದಲ್ಲ. ಆದರೂ ಅರವತ್ತರ ಶಾಂತಿಗೆ ಮಾವನವರ ಓರಗೆಯವರೂ ಅವರಿಗಿಂತ ಹಿರಿಯರೂ ಬರುತ್ತಾರೆ, ಕಂಕುಳಲ್ಲಿ ಕೂಸುಗಳೂ ಇರುತ್ತವೆ. ನಾಲ್ಕು ವರ್ಷದೊಳಗಿನವರಿಗೆ ಮತ್ತು ನುಂಗಲು ಕಷ್ಟವಿರುವ ಹಿರಿಯರಿಗೆ ಚಮಚದಿಂದ ಸಣ್ಣಗೆ ಹಿಸುಕಿ, ಕೂರಿಸಿ ಕೊಡಿ. ಬಡಿಸುವ ಹುಡುಗರಿಗೂ ಈ ಮಾತು ಹೇಳಿಟ್ಟಿರಿ. ಸಕ್ಕರೆ ಕಾಯಿಲೆಯವರು "ಚೈನಾ ಗ್ರಾಸ್ ನಾರಿನಂಶವಂತೆ, ತಿನ್ನಬಹುದಂತೆ" ಎಂದು ಎರಡನೇ ತುಂಡಿಗೆ ಕೈಚಾಚಿದರೆ, ನಾರು ಅಗರ್‌ನದ್ದು, ಸಕ್ಕರೆ ನೀವು ಹಾಕಿದ್ದು ಎಂದು ನೆನಪಿಸಿ.

ಮುಂದಿನ ಭಾನುವಾರ ಪೂರ್ತಿ ತಟ್ಟೆಗೆ ಕೈಹಾಕಬೇಡಿ. ಅರ್ಧ ಪೊಟ್ಟಣ ಅಗರ್, 400 ಮಿಲಿ ನೀರು, ಸಕ್ಕರೆ. ಅರ್ಧಕ್ಕೆ ಹಾಲು ಬೆರೆಸಬೇಕಾದ್ದರಿಂದ ಆ ಭಾಗದ ನೀರನ್ನು ಮೊದಲೇ ಕಡಿಮೆ ಮಾಡಿ, ಒಟ್ಟು 400 ದಾಟದಿರಲಿ. ಊಟದ ಡಬ್ಬಿಯೊಂದರಲ್ಲಿ ಎರಡೇ ಪದರ ಹಾಕಿ, ಬೆರಳಚ್ಚಿನ ಹದ ನೋಡಿಕೊಂಡು. ಫ್ರಿಜ್‌ನಲ್ಲಿ ಎರಡು ಗಂಟೆ ಇಟ್ಟು, ಚಾಕುವನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಒಂದೇ ಒತ್ತಿಗೆ ಕತ್ತರಿಸಿ. ಆಮೇಲೆ ಮೇಲಿನ ಪದರವನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಎತ್ತಿ ನೋಡಿ. ಕೆಳಗಿನದೂ ಜೊತೆಯಲ್ಲೇ ಬಂದರೆ ಒಂಬತ್ತು ಪೊಟ್ಟಣ ತರಿಸಿಕೊಳ್ಳಿ. ಬರದಿದ್ದರೆ ಎಷ್ಟು ನಿಮಿಷಕ್ಕೆ ಸುರಿದಿರಿ, ಎಷ್ಟು ಬಿಸಿಯಿತ್ತು ಎಂದು ಬರೆದು ಕಳಿಸಿ, ಶಾಂತಿಗೆ ಇನ್ನೂ ದಿನಗಳಿವೆ.